ಒಂದು ಇಂಚು ಐದು ಸೆಂಟ್

ನನಗೆ ಕೋಪ ಬೇಗ ಬರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಾದಾಪುರದಲ್ಲಿ ಯಾರನ್ನು ಕೇಳಿದರೂ ಹೇಳಿಯೇ ಹೇಳುತ್ತಾರೆ. ದೇರಪ್ಪ ಅಂದರೆ ಯಾವ ದೇರಪ್ಪ, ಆ ಸಿಡುಕು ಮೂತಿಯ ರೈಟರಾ, ಅನ್ನುತ್ತಾರೆ. ಹೌದು, ಅವನೇ. ಮೂವತ್ತೊಂದು ವರ್ಷದಿಂದ ಒಂದೇ ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಬೆಳಿಗ್ಗೆ ಹಾಜರಿ ಕೂಗುವುದು, ಯಾರು ಯಾವ ಕಡೆ ಹೋಗಬೇಕೆಂದು ಕೆಲಸ ಹಂಚುವುದು, ಸಂಜೆ ಎಲ್ಲ ಮುಗಿಯಿತಾ ಎಂದು ನೋಡುವುದು. ನೂರಿಪ್ಪತ್ತು ಜನರನ್ನು ಬಾಯಿ ಜೋರು ಮಾಡದೆ ನಡೆಸಿದ ರೈಟರ್ ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ನಾನೇ ಕಾಫಿ ಮಾಡಿ ಕೊಡುತ್ತೇನೆ.

ಆದರೆ ಈಗ ಬರೆಯಲು ಕೂತಿರುವುದು ನನ್ನ ಬಗ್ಗೆ ಅಲ್ಲ. ನಮ್ಮ ರಂಜಿತಾ ಬಗ್ಗೆ. ನಮ್ಮ ಅಂತ ಯಾಕೆ ಹೇಳುತ್ತೀರಿ, ಅವಳು ನಿಮಗೆ ಏನಾಗಬೇಕು ಎಂದು ಒಬ್ಬರು ಕೇಳಿದರು. ಏನೂ ಆಗಬೇಕಾಗಿಲ್ಲ. ನಮ್ಮ ತೋಟದ ಹುಡುಗಿ, ಅಷ್ಟು ಸಾಲದೇ?

ರಂಜಿತಾಳ ತವರು ಕುಶಾಲನಗರದ ಹತ್ತಿರ. ಅವಳ ಅಜ್ಜನ ಕಾಲದಲ್ಲಿ ಮೈಸೂರು ಕಡೆಯಿಂದ ಬಂದು ಅಲ್ಲಿ ಭತ್ತ, ಜೋಳ ಮಾಡಿಕೊಂಡು ನೆಲೆ ನಿಂತ ಕುಟುಂಬ. ಪಿಯುಸಿ ಆದ ಮೇಲೆ ನಮ್ಮ ತೋಟದ ಜೀಪ್ ಡ್ರೈವರ್ ಶಶಿಕುಮಾರನನ್ನು ಮದುವೆಯಾಗಿ ಕೆಲಸದವರ ಲೈನ್ ಮನೆಗೆ ಬಂದಳು. ಅತ್ತೆ ಲಿಂಗಮ್ಮ ಮೊದಲಿನಿಂದಲೂ ನಮ್ಮಲ್ಲೇ ಕೆಲಸ. ಸೊಸೆಯೂ ಅತ್ತೆಯ ಹಿಂದೆ ಕಾಫಿ ಕುಯ್ಯಲು ಬಂದಳು. ಒಂದು ದಿನ ಚೀಲಗಳ ಮೇಲೆ ಲೇಬಲ್ ಬರೆಯಲು ಯಾರೂ ಸಿಗದೆ ನಾನು ಕಿರುಚಾಡುತ್ತಿದ್ದಾಗ ಅವಳು ಮುಂದೆ ಬಂದು ಪೆನ್ನು ತೆಗೆದುಕೊಂಡಳು. ಅಬ್ಬಾ, ಏನು ಅಕ್ಷರ! ಅಚ್ಚು ಹಾಕಿದ ಹಾಗೆ. ಅವತ್ತಿನಿಂದ ವಾರಕ್ಕೆ ಎರಡು ದಿನ ಅವಳನ್ನು ಆಫೀಸಿನ ಬರವಣಿಗೆಗೆ ಎಳೆದುಕೊಂಡೆ.

ಆಫೀಸಿನಲ್ಲಿ ಯಜಮಾನರು ತಂದಿಟ್ಟ ಕಂಪ್ಯೂಟರ್ ಒಂದಿತ್ತು. ನನಗೆ ಅದರ ಸಹವಾಸ ಬೇಡವಾಗಿತ್ತು, ಹಾಗಾಗಿ ಅದರ ಮೇಲೆ ಫ್ಲಾಸ್ಕ್ ಇಡುತ್ತಿದ್ದೆ. ರಂಜಿತಾ ಒಂದು ದಿನ ಫ್ಲಾಸ್ಕ್ ಎತ್ತಿ ಕೆಳಗಿಟ್ಟು, ಧೂಳು ಒರೆಸಿ, "ರೈಟ್ರೇ, ಇದನ್ನ ಆನ್ ಮಾಡ್ಲಾ?" ಅಂದಳು.

"ಮುಟ್ಬೇಡ. ಕೆಟ್ಟುಹೋದ್ರೆ ನನ್ನ ತಲೆ ಮೇಲೆ ಬರ್ತದೆ."

"ಈಗ ಸರಿ ಇದ್ಯಾ?"

ಸರಿ ಇದೆಯೋ ಇಲ್ಲವೋ ನನಗೇನು ಗೊತ್ತು! ಅವಳು ಆನ್ ಮಾಡಿಯೇ ಬಿಟ್ಟಳು. ಅದರಲ್ಲಿ ಏನೇನು ನೋಡಿದಳೋ, ಯಾರ ಹತ್ತಿರ ಏನೇನು ಕೇಳಿದಳೋ, ಎರಡು ವರ್ಷ ಕಳೆಯುವಷ್ಟರಲ್ಲಿ ನಾನು ಒಂದು ವಾರ ಮಾಡುವ ಪಟ್ಟಿಯನ್ನು ಅರ್ಧ ಗಂಟೆಯಲ್ಲಿ ಮಾಡಿ ಕೊಡುತ್ತಿದ್ದಳು. ನಾನು ಹೊಗಳಲಿಲ್ಲ. ಹೊಗಳಿದರೆ ತಲೆಗೆ ಏರುತ್ತದೆ ಎಂಬುದು ನನ್ನ ಲೆಕ್ಕ.

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಲಿಂಗಮ್ಮ ಆಫೀಸಿನ ಬಾಗಿಲಿಗೆ ಬಂದು ನಿಂತರು. ನಿಂತರು ಅನ್ನುವುದಕ್ಕಿಂತ ಬಾಗಿಲ ಚೌಕಟ್ಟು ಹಿಡಿದುಕೊಂಡರು ಅನ್ನಬೇಕು. ಆ ಹೆಂಗಸಿಗೆ ಮಂಡಿ ನೋವು.

"ರೈಟ್ರೇ, ಸುಂಟಿಕೊಪ್ಪದಲ್ಲಿ ಕಂಪ್ಯೂಟರ್ ಕೋರ್ಸ್ ಇದ್ಯಂತೆ. ನನ್ನ ಸೊಸೆ ಸೇರ್ಕತಾಳೆ. ಆರು ತಿಂಗ್ಳು. ಅವಳ ಸಾಲೂ ನಾನೇ ಕುಯ್ತೀನಿ, ಮೊಮ್ಮಗಳ್ನೂ ನಾನೇ ನೋಡ್ಕತೀನಿ. ನೀವು ಬ್ಯಾಡ ಅನ್ಬಾರ್ದು."

"ಎಂತ ಲಿಂಗಮ್ಮ, ತಲೆ ಸರಿ ಉಂಟಾ ನಿಮಗೆ? ನಿಮ್ಮ ಸಾಲು ಮುಗಿಸುವಾಗ್ಲೇ ಅಯ್ಯಮ್ಮ ಅಂತೀರಿ. ಮತ್ತೆ ಅವಳದ್ದೂ ಬೇರೆ!"

"ಆರು ತಿಂಗ್ಳು ಎಳೀತೀನಿ ರೈಟ್ರೇ. ಅದರಾಚೆಗೆ ಮಂಡಿ ಬರಾಕಿಲ್ಲ ಅಂತ ಅವಳಿಗೂ ಹೇಳಿದ್ದೀನಿ. ಅಷ್ಟರೊಳಗೆ ಕೆಲಸ ಸಿಕ್ರೆ ಸರಿ. ಸಿಕ್ಕಿಲ್ಲ ಅಂದ್ರೆ ಅವಳು ತಿರುಗಾ ಬುಟ್ಟಿ ಕಟ್ಕಂಡು ಬತ್ತಾಳೆ."

ಕೋರ್ಸ್ ನಡೆಸುವವನು ಅನಿಲ್‌ಕುಮಾರ್ ಎಂಬ ಹುಡುಗ. ಸುಂಟಿಕೊಪ್ಪದಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿ ಅವನ ಸೆಂಟರ್. ವೆಬ್‌ಸೈಟ್ ಮಾಡುವುದನ್ನು ಕಲಿಸುತ್ತಾನೆ. ಕೋರ್ಸಿನ ಕೊನೆಗೆ ಕುಶಾಲನಗರದ ಒಂದು ಸಣ್ಣ ಕಂಪನಿಯವರು ಬಂದು ಎಲ್ಲರ ಕೆಲಸ ನೋಡಿ ಒಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಹದಿನಾಲ್ಕು ಜನ ಕಲಿಯುವವರು, ಕೆಲಸ ಒಂದು. ಉಳಿದವರು ಬೆಂಗಳೂರಿಗೆ ಹೋಗಬಹುದು, ಮೈಸೂರಿಗೆ ಹೋಗಬಹುದು. ನಾಲ್ಕು ವರ್ಷದ ಮಗಳು, ಮಂಡಿ ಹೋದ ಅತ್ತೆ, ಹೊತ್ತು ಗೊತ್ತಿಲ್ಲದೆ ಜೀಪ್ ಓಡಿಸುವ ಗಂಡ, ಇವರನ್ನೆಲ್ಲ ಬಿಟ್ಟು ರಂಜಿತಾ ಎಲ್ಲಿಗೆ ಹೋಗುತ್ತಾಳೆ? ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಅವಳಿಗೆ ಇದ್ದದ್ದು ಅದೊಂದೇ ಕೆಲಸ.

ಇದು ನನಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಮುಂದೆ ನಾನು ಮಾಡಿದ ಘನಕಾರ್ಯ ಕೇಳುವಾಗ ಇದನ್ನು ನೆನಪಿಡಿ.

ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಮಧ್ಯಾಹ್ನ ಮೂರು ಗಂಟೆಗೆ ವಾಪಸ್ಸು ಬರುತ್ತಿದ್ದಳು. ಬಂದವಳು ಮಗಳನ್ನು ಎತ್ತಿಕೊಂಡು ಕಣದ ಮೂಲೆಯ ನೀರಿನ ಟ್ಯಾಂಕಿನ ಹತ್ತಿರ ಬರುವಳು. ನಮ್ಮ ತೋಟದಲ್ಲಿ ಫೋನಿಗೆ ರೇಂಜ್ ಸಿಗುವುದು ಅಲ್ಲಿ ಮಾತ್ರ. ಕಾಫಿ ಒಣಗಿಸುವ ಹೆಂಗಸರು ಕಾಳು ಹರಡುವ ಕೋಲಿನ ಹಲಗೆ ಎಳೆಯುತ್ತಿದ್ದರೆ ಇವಳು ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಫೋನು ನೋಡಿಕೊಂಡು ಹಳೆಯ ಹಾಜರಿ ಹಾಳೆಗಳ ಹಿಂಬದಿಯಲ್ಲಿ ಏನೋ ಬರೆಯುತ್ತಿದ್ದಳು. ಒಂದು ಹಾಳೆ ಕಿತ್ತುಕೊಂಡು ನೋಡಿದೆ. ಇಂಗ್ಲಿಷ್ ಅಕ್ಷರ, ನಡುವೆ ಬ್ರಾಕೆಟ್ಟು, ಚುಕ್ಕೆ, ಗೀಟು.

"ಇದೆಂತ ಇದು, ಮಂತ್ರವಾ?"

"ಇದು ಪುಟದಲ್ಲಿ ಏನೇನು ಇರ್ಬೇಕು ಅಂತ ಹೇಳೋದು ರೈಟ್ರೇ. ಇದು ಹೆಂಗೆ ಕಾಣ್ಬೇಕು ಅಂತ. ಇಲ್ಲಿ ಕೆಳಗಿದ್ಯಲ್ಲ, ಜಾವಾಸ್ಕ್ರಿಪ್ಟು, ಇದು ಯಾರಾದ್ರೂ ಬಂದು ಒತ್ತಿದ್ರೆ ಏನು ಆಗ್ಬೇಕು ಅಂತ ಹೇಳುತ್ತೆ."

"ಅಂದ್ರೆ ಮೂರನೇದು ರೈಟರ್ ಕೆಲಸ."

"ಹೂಂ. ತಪ್ಪು ಮಾಡಿದ್ರೆ ಕೆಂಪಕ್ಷರದಲ್ಲಿ ಬೈಯುತ್ತೆ ಕೂಡ. ನಿಮ್ಮಷ್ಟು ಬೈಯಲ್ಲ ಬಿಡಿ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಾನು ಹಾಳೆ ವಾಪಸ್ಸು ಕೊಟ್ಟು ಹಲಗೆ ಎಳೆಯದೆ ನಿಂತವರನ್ನು ಗದರಿಸಿದೆ.

ಅವಳು ಯಾಕೆ ಕಾಗದದಲ್ಲಿ ಬರೆಯುತ್ತಾಳೆ ಎಂದು ಆಮೇಲೆ ಅನಿಲ್‌ಕುಮಾರನೇ ನನಗೆ ಹೇಳಿದ. ಸುಂಟಿಕೊಪ್ಪದಲ್ಲಿ ಕರೆಂಟ್ ಹೋದರೆ ಸೆಂಟರಿನ ಯುಪಿಎಸ್ ಇಪ್ಪತ್ತು ನಿಮಿಷ ಬರುತ್ತದೆ, ಅಷ್ಟೇ. ಆಮೇಲೆ ಬೇರೆ ಹುಡುಗರೆಲ್ಲ ಫೋನು ತೆಗೆದು ರೀಲ್ಸ್ ನೋಡುತ್ತಾರೆ, ಇಲ್ಲವೇ ಕೆಳಗೆ ಬೇಕರಿಗೆ ಹೋಗಿ ಪಫ್ ತಿನ್ನುತ್ತಾರೆ. ರಂಜಿತಾ ಮಾತ್ರ ಕಾಗದದ ಮೇಲೆ ಬರೆಯುತ್ತಾಳೆ. ಬರೆದದ್ದನ್ನು ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಾಳೆ, ನಾನು ಹಾಜರಿ ಕೂಗಿದ ಹಾಗೆ. ಕರೆಂಟ್ ಬಂದಾಗ ಟೈಪ್ ಮಾಡುತ್ತಾಳೆ. ಮೊದಲ ತಿಂಗಳು ಹುಡುಗರು ನಗುತ್ತಿದ್ದರು. ಅದರಲ್ಲಿ ದೀಕ್ಷಿತ್ ಎಂಬವನು ಡಿಪ್ಲೊಮಾ ಮಾಡಿದವನು, ಬಲು ಚುರುಕು, ಅವನೂ ನಗುತ್ತಿದ್ದ. ನಾಲ್ಕನೇ ತಿಂಗಳಲ್ಲಿ ಅದೇ ದೀಕ್ಷಿತ್, "ಅಕ್ಕಾ, ನನ್ನದು ಎಲ್ಲಿ ತಪ್ಪಾಗಿದೆ ಸ್ವಲ್ಪ ಓದಿ ಹೇಳಿ" ಎಂದು ಅವಳ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದನಂತೆ. ಇದನ್ನು ಕೇಳಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಮನೆಗೆ ಬಂದು ಹೆಂಡತಿಗೆ ಎರಡು ಸಲ ಹೇಳಿದೆ. ರಂಜಿತಾಳಿಗೆ ಹೇಳಲಿಲ್ಲ.

ಮಾರ್ಚ್ ತಿಂಗಳು ಬಂತು. ಕೊನೆಯ ಪರೀಕ್ಷೆ ಏನೆಂದರೆ, ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ಯಾರಿಗಾದರೂ ನಿಜವಾಗಿ ಉಪಯೋಗಕ್ಕೆ ಬರುವ ಒಂದು ವೆಬ್‌ಸೈಟ್ ಮಾಡಬೇಕು. ಎರಡು ವಾರ ಜನ ಅದನ್ನು ಬಳಸಬೇಕು. ಆಮೇಲೆ ಕಂಪನಿಯವರ ಮುಂದೆ ತೋರಿಸಬೇಕು. ದೀಕ್ಷಿತ್ ತನ್ನ ಮಾವನ ಹೋಮ್‌ಸ್ಟೇಗೆ ಮಾಡಿದ. ರಂಜಿತಾ ನನ್ನ ಹತ್ತಿರ ಬಂದಳು.

"ರೈಟ್ರೇ, ಮಳೆ ಲೆಕ್ಕದ್ದು ಮಾಡ್ತೀನಿ."

ನನಗೆ ತಟ್ಟನೆ ಅರ್ಥವಾಯಿತು. ಕೊಡಗಿನಲ್ಲಿ ಮಳೆ ಎಂದರೆ ಮಾತಲ್ಲ, ಅಳತೆ. ತೋಟ ಇರುವವರ ಮನೆಯ ಅಂಗಳದಲ್ಲಿ ಮಳೆ ಅಳೆಯುವ ಡಬ್ಬ ಇರುತ್ತದೆ. ಬೆಳಿಗ್ಗೆ ಎಂಟು ಗಂಟೆಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ಇಂಚು, ಸೆಂಟ್ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆಯುತ್ತೇವೆ. ಒಂದು ಇಂಚಿಗೆ ನೂರು ಸೆಂಟ್. ಬರೆದ ಮೇಲೆ ಫೋನು ಶುರು. ನಿಮ್ಮಲ್ಲೆಷ್ಟು, ನಮ್ಮಲ್ಲಿಷ್ಟು. ಅದರಲ್ಲೂ ಮಾರ್ಚಿನ ಹೂಮಳೆ ಎಂದರೆ ಇಡೀ ವರ್ಷದ ಕಾಫಿ ಅದರ ಮೇಲೆ ನಿಂತಿರುತ್ತದೆ. ಒಂದು ಇಂಚು ಬಿದ್ದರೆ ಮೊಗ್ಗು ಚೆನ್ನಾಗಿ ಅರಳುತ್ತದೆ, ಕಡಿಮೆಯಾದರೆ ಅರೆಬರೆ. ಯಾರ ತೋಟಕ್ಕೆ ಎಷ್ಟು ಬಿತ್ತು ಎಂಬುದರಲ್ಲಿ ಮರ್ಯಾದೆಯ ಪ್ರಶ್ನೆಯೂ ಇದೆ. ಇದರಲ್ಲಿ ಸುಳ್ಳು ಹೇಳುವವನನ್ನು ಯಾರೂ ಹತ್ತಿರ ಸೇರಿಸುವುದಿಲ್ಲ.

ರಂಜಿತಾ ನಮ್ಮದೂ ಸೇರಿ ಮಾದಾಪುರದ ಸುತ್ತಿನ ಒಂಬತ್ತು ಮನೆಗಳನ್ನು ಒಪ್ಪಿಸಿದಳು. ಎಲ್ಲರೂ ಬೆಳಿಗ್ಗೆ ಫೋನಿನಲ್ಲಿ ತಮ್ಮ ಮಳೆ ಹಾಕುವುದು, ಯಾರಲ್ಲಿ ಎಷ್ಟು ಎಂದು ಎಲ್ಲರಿಗೂ ಒಂದೇ ಪಟ್ಟಿಯಲ್ಲಿ ಕಾಣುವುದು, ತಿಂಗಳ ಮೊತ್ತವನ್ನು ತಾನೇ ಕೂಡಿಸುವುದು. ನಾನು ಮೊದಲು ಗೊಣಗಿದೆ. ಆಮೇಲೆ ಮೊದಲನೇ ದಿನವೇ ಎಲ್ಲರಿಗಿಂತ ಮುಂಚೆ, ಎಂಟು ಗಂಟೆ ಒಂದು ನಿಮಿಷಕ್ಕೆ, ಟ್ಯಾಂಕಿನ ಹತ್ತಿರ ಹೋಗಿ ನಮ್ಮ ತೋಟದ ಮಳೆ ಹಾಕಿದೆ. ಸೊನ್ನೆ.

ಹೌದು, ಸೊನ್ನೆ. ಆ ಎರಡು ವಾರವೂ ಒಂದು ಹನಿ ಬೀಳಲಿಲ್ಲ. ಒಂಬತ್ತು ಮನೆಯವರೂ ದಿನಾ ಸೊನ್ನೆ ಹಾಕಿದರು, ಪಟ್ಟಿ ತುಂಬ ಸೊನ್ನೆ. ಅದು ಕೂಡಿಸಿ ಸೊನ್ನೆಯನ್ನೇ ತೋರಿಸಿತು, ಸರಿಯಾಗಿಯೇ ತೋರಿಸಿತು. ಮೋಡ ಬರುತ್ತಿತ್ತು, ಹೋಗುತ್ತಿತ್ತು. ನಮಗೆಲ್ಲ ಹೂವಿನ ಚಿಂತೆ, ರಂಜಿತಾಳಿಗೆ ಬೇರೆ ಚಿಂತೆ. "ಒಂದು ಮಳೆ ಬೀಳ್ದೆ ಏನು ತೋರಿಸ್ಲಿ ರೈಟ್ರೇ" ಎಂದು ಆಕಾಶ ನೋಡುತ್ತಿದ್ದಳು.

ಶನಿವಾರ ಕಂಪನಿಯವರು ಬರುವ ದಿನ. ಶುಕ್ರವಾರ ಸಂಜೆ ನಾಲ್ಕೂವರೆಗೆ ಗುಡುಗು ಶುರುವಾಗಿ ಮಳೆ ಸುರಿಯಿತು ನೋಡಿ! ಲೈನಿನ ಮಕ್ಕಳೆಲ್ಲ ಹೊರಗೆ ಓಡಿದರು. ನಾನು ಆಫೀಸಿನ ಬಾಗಿಲಲ್ಲಿ ನಿಂತು, ಬೀಳು ಬೀಳು, ಇನ್ನೂ ಬೀಳು ಎಂದು ಕೂಗುತ್ತಿದ್ದೆ.

ಬೆಳಿಗ್ಗೆ ಎಂಟಕ್ಕೆ ಡಬ್ಬ ತೆಗೆದೆ. ಗಾಜಿನಲ್ಲಿ ಒಂದು ಇಂಚು ಐದು ಸೆಂಟ್. ಎರಡು ಸಲ ನೋಡಿದೆ. ಒಂದು ಇಂಚು ದಾಟಿದೆ! ನಮ್ಮ ಪುಸ್ತಕದಲ್ಲಿ ಇಂಚಿಗೆ ಒಂದು ಕಾಲಂ, ಸೆಂಟಿಗೆ ಒಂದು ಕಾಲಂ. ಮೊದಲನೆಯದರಲ್ಲಿ ಒಂದು, ಎರಡನೆಯದರಲ್ಲಿ ಐದು ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಆಮೇಲೆ ಟ್ಯಾಂಕಿನ ಹತ್ತಿರ ಹೋಗಿ ಫೋನಿನಲ್ಲಿ ಹಾಕಿದೆ. ಫೋನಿನಲ್ಲಿ ಇದ್ದದ್ದು ಒಂದೇ ಚೌಕ. ಒಂದು ಒತ್ತಿ, ನಡುವೆ ಚುಕ್ಕೆ ಇಟ್ಟು, ಐದು ಒತ್ತಿದೆ.

ಒಂಬತ್ತೂವರೆಗೆ ಮತ್ತೆ ಟ್ಯಾಂಕಿನ ಹತ್ತಿರ ಹೋದಾಗ ಪದ್ಮಯ್ಯನ ಫೋನು. ನಮ್ಮ ಬೇಲಿಯ ಆಚೆ ಅವನ ತೋಟ. ಚಿಕ್ಕಂದಿನಿಂದ ಸ್ನೇಹಿತ, ಚಿಕ್ಕಂದಿನಿಂದ ಜಗಳ.

"ಏನು ದೇರಪ್ಪ, ನಿಮ್ಮ ತೋಟಕ್ಕೆ ಸ್ಪೆಷಲ್ ಮಳೆಯಾ?"

"ಯಾಕೆ?"

"ನಮ್ಮಲ್ಲಿ ತೊಂಬತ್ತೆಂಟು ಸೆಂಟ್. ಬೇಲಿ ದಾಟಿದ್ರೆ ನಿಮ್ಮಲ್ಲಿ ಒಂದೂವರೆ ಇಂಚು! ಮೋಡ ನಿನ್ನ ಬೈಗುಳಕ್ಕೆ ಹೆದರಿ ಜಾಸ್ತಿ ಸುರೀತಾ, ಇಲ್ಲಾ ಡಬ್ಬಕ್ಕೆ ನೀನೇ ಒಂದು ಚೆಂಬು ಹಾಕಿದ್ಯಾ?"

ಪಟ್ಟಿ ತೆಗೆದು ನೋಡಿದೆ. ಒಂಬತ್ತು ಮನೆಗಳಲ್ಲಿ ಮೊದಲನೇ ಹೆಸರು ನಮ್ಮದು. ಒಂದು ಇಂಚು ಐವತ್ತು ಸೆಂಟ್. ನನ್ನ ಮೈಯೆಲ್ಲ ಉರಿದುಹೋಯಿತು. ಮೂವತ್ತೊಂದು ವರ್ಷದಲ್ಲಿ ಒಂದು ಸೆಂಟ್ ಹೆಚ್ಚು ಕಡಿಮೆ ಬರೆದವನಲ್ಲ ನಾನು. ಈಗ ಉಳಿದ ಎಂಟು ಮನೆಯವರ ಕಣ್ಣಲ್ಲಿ ನಾನು ಸುಳ್ಳ! ಯಾರು ಮಾಡಿದ್ದು? ಆ ಕಂಪ್ಯೂಟರ್! ಹಿಂದೆ ಮುಂದೆ ಯೋಚನೆ ಮಾಡಲಿಲ್ಲ. ಮಳೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಸಿಕ್ಕಿದ ಬಸ್ಸು ಹತ್ತಿ ಸುಂಟಿಕೊಪ್ಪದಲ್ಲಿ ಇಳಿದು ಬೇಕರಿಯ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದೇ ಇತ್ತು. ರಂಜಿತಾ ಎಲ್ಲರ ಮುಂದೆ ನಿಂತು ಗೋಡೆಯ ಮೇಲೆ ಬಿದ್ದ ಪಟ್ಟಿಯನ್ನು ತೋರಿಸುತ್ತಿದ್ದಳು. ಅವಳು ಉಟ್ಟಿದ್ದು ಮದುವೆ ಸಮಯದ ಹಸಿರು ಸೀರೆ. ಮುಂದಿನ ಕುರ್ಚಿಯಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬರು ಕೂತು ಬರೆದುಕೊಳ್ಳುತ್ತಿದ್ದರು. ಅವರೇ ಕಂಪನಿಯ ಉಷಾರಾಣಿ. ಇದೆಲ್ಲ ನನಗೆ ಆಮೇಲೆ ಕಂಡದ್ದು. ಆ ಹೊತ್ತಿಗೆ ಕಂಡದ್ದು ಗೋಡೆಯ ಮೇಲಿನ ಒಂದೂವರೆ ಇಂಚು ಮಾತ್ರ.

"ನಿಲ್ಸು ಅದನ್ನ! ಸುಳ್ಳು ಲೆಕ್ಕ! ನನ್ನ ಪುಸ್ತಕ ನೋಡು, ಒಂದು ಇಂಚು ಐದು ಸೆಂಟ್! ನಲವತ್ತೈದು ಸೆಂಟ್ ಎಲ್ಲಿಂದ ತಂದೆ ನೀನು? ಊರಿನವರ ಮುಂದೆ ನನ್ನ ಮಾನ ತೆಗೆದ್ಯಲ್ಲ ಮಾರಾಯ್ತಿ!"

ರಂಜಿತಾಳ ಮುಖದಲ್ಲಿ ರಕ್ತವೇ ಇರಲಿಲ್ಲ. ಆಗ ನನಗೆ ಬುದ್ಧಿ ಬಂತು. ಅಯ್ಯೋ ದೇರಪ್ಪ, ಇವತ್ತು ಯಾವ ದಿನ, ಇದು ಯಾವ ಜಾಗ, ನೀನು ಏನು ಮಾಡಿಬಿಟ್ಟೆ?

ಅನಿಲ್‌ಕುಮಾರ್ ಓಡಿ ಬಂದು ನನ್ನ ಪುಸ್ತಕ ನೋಡಿದ, ಕಂಪ್ಯೂಟರ್‌ನಲ್ಲಿ ನಾನು ಒತ್ತಿದ್ದನ್ನು ನೋಡಿದ. ಅವನಿಗೆ ತಕ್ಷಣ ಗೊತ್ತಾಯಿತು. "ಮೇಡಂ, ಸೈಟಲ್ಲಿ ಏನೂ ತೊಂದ್ರೆ ಇಲ್ಲ. ಇವ್ರು ಒಂದು ಚುಕ್ಕೆ ಸೊನ್ನೆ ಐದು ಅಂತ ಹಾಕ್ಬೇಕಿತ್ತು, ಒಂದು ಚುಕ್ಕೆ ಐದು ಹಾಕಿದ್ದಾರೆ. ಅಂದ್ರೆ ಒಂದೂವರೆ ಆಗುತ್ತೆ. ಬಳಸೋರ ತಪ್ಪು."

ಅವನು ರಂಜಿತಾಳನ್ನು ಉಳಿಸಲು ಹೇಳಿದ್ದು. ಅವನು ಹೇಳಿದ್ದು ಸರಿಯೂ ಹೌದು, ಲೆಕ್ಕದ ಪ್ರಕಾರ ತಪ್ಪು ನನ್ನದೇ.

ಉಷಾರಾಣಿ ಕನ್ನಡಕದ ಮೇಲಿನಿಂದ ರಂಜಿತಾಳನ್ನು ನೋಡಿ, "ನೀವೇನು ಹೇಳ್ತೀರಿ, ತಪ್ಪು ಇವರದ್ದಾ?" ಅಂದರು.

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಾನೇ ಮನಸ್ಸಿನಲ್ಲಿ, ಹೂಂ ಅನ್ನು ಮಗಳೇ, ಅಂದುಬಿಡು ಎನ್ನುತ್ತಿದ್ದೆ.

"ಅಲ್ಲ ಮೇಡಂ, ತಪ್ಪು ನನ್ನದು" ಅಂದಳು. "ರೈಟ್ರ ಪುಸ್ತಕ ನಾನು ನಾಲ್ಕು ವರ್ಷದಿಂದ ನೋಡ್ತಾ ಇದ್ದೀನಿ. ಇಂಚಿಗೆ ಒಂದು ಕಾಲಂ, ಸೆಂಟಿಗೆ ಒಂದು ಕಾಲಂ. ನಮ್ಮ ಕಡೆ ಎಲ್ರೂ ಬರೆಯೋದೇ ಹಂಗೆ. ಕೋರ್ಸಿನ ವಿಡಿಯೋದಲ್ಲಿ ಒಂದೇ ಚೌಕ ಇತ್ತು ಅಂತ ನಾನೂ ಒಂದೇ ಇಟ್ಟೆ. ಎರಡು ವಾರ ಸೊನ್ನೆ ಬಂತು, ಅದಕ್ಕೇ ಗೊತ್ತಾಗ್ಲಿಲ್ಲ. ಅವರ ಹೆಸರು ಕೆಡಿಸಿದ್ದು ನಾನು."

"ಸರಿ ಮಾಡೋಕೆ ಎಷ್ಟು ಹೊತ್ತು ಬೇಕು?"

ಅವಳು ಬಾಯಿ ತೆರೆಯುವಷ್ಟರಲ್ಲಿ ಕರೆಂಟ್ ಹೋಯಿತು. ಮೊದಲ ಮಳೆ ಬಿದ್ದ ಮಾರನೇ ದಿನ ಕೊಡಗಿನಲ್ಲಿ ಕರೆಂಟ್ ಇದ್ದರೆ ಅದು ಆಶ್ಚರ್ಯ. ಯುಪಿಎಸ್ ಕೀಂ ಕೀಂ ಎಂದು ಕೂಗಲು ಶುರು ಮಾಡಿತು. ಅನಿಲ್‌ಕುಮಾರ್ ತಲೆ ಮೇಲೆ ಕೈ ಹೊತ್ತ.

"ಇಪ್ಪತ್ತು ನಿಮಿಷ ಇದ್ಯಲ್ಲ ಸರ್" ಅಂದಳು ರಂಜಿತಾ. ಅಂದವಳು ಕಂಪ್ಯೂಟರ್ ಮುಟ್ಟಲಿಲ್ಲ! ಬ್ಯಾಗಿನಿಂದ ಹಾಜರಿ ಹಾಳೆ ತೆಗೆದು ನೆಲದ ಮೇಲೆ ಕೂತು ಬರೆಯತೊಡಗಿದಳು. ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ. ಯುಪಿಎಸ್ ಕೂಗುತ್ತಿದೆ, ಇವಳು ತುಟಿ ಅಲ್ಲಾಡಿಸುತ್ತಾ ಬರೆಯುತ್ತಿದ್ದಾಳೆ. ದೀಕ್ಷಿತ್ ಎದ್ದು ಹೋಗಿ ಬೇರೆ ಎಲ್ಲ ಕಂಪ್ಯೂಟರ್‌ಗಳನ್ನು ಒಂದೊಂದಾಗಿ ಆಫ್ ಮಾಡಿದ, ಅವಳಿಗೆ ನಾಲ್ಕು ನಿಮಿಷ ಜಾಸ್ತಿ ಸಿಗಲಿ ಎಂದು. ಆ ಕೆಲಸಕ್ಕೆ ಅವನೂ ಕಾದು ಕೂತವನೇ ಅಲ್ಲವಾ? ಒಳ್ಳೆಯ ಹುಡುಗ ಅದು.

ಬರೆದು ಮುಗಿಸಿ ಒಂದು ಸಲ ಗಟ್ಟಿಯಾಗಿ ಓದಿದಳು. ಆಮೇಲೆ ಎದ್ದು ಹೋಗಿ ಟೈಪ್ ಮಾಡಿದಳು. ಒಂದು ಕಡೆ ಕೆಂಪಕ್ಷರ ಬಂತು. ಕಾಗದ ನೋಡಿದಳು, ಒಂದು ಬ್ರಾಕೆಟ್ಟು ಹಾಕಿದಳು, ಕೆಂಪು ಹೋಯಿತು.

"ರೈಟ್ರೇ, ಬನ್ನಿ ಇಲ್ಲಿ. ಈಗ ಹಾಕಿ."

ನಾನು ಕಳ್ಳನ ಹಾಗೆ ಹೋಗಿ ಕೂತೆ. ಈಗ ಎರಡು ಚೌಕ ಇತ್ತು, ಒಂದರ ಮೇಲೆ ಇಂಚು, ಇನ್ನೊಂದರ ಮೇಲೆ ಸೆಂಟ್, ನಮ್ಮ ಪುಸ್ತಕದ ಹಾಗೆಯೇ. ಒಂದು ಒತ್ತಿದೆ, ಐದು ಒತ್ತಿದೆ. ಅದು ಸೀದಾ ಬರೆದುಕೊಳ್ಳಲಿಲ್ಲ. ಕನ್ನಡದಲ್ಲಿ ನನ್ನನ್ನೇ ಕೇಳಿತು: "ಒಂದು ಇಂಚು ಐದು ಸೆಂಟ್. ಸರಿಯೇ?"

"ಸರಿ" ಅಂದುಬಿಟ್ಟೆ, ಬಾಯಲ್ಲಿ, ಗಟ್ಟಿಯಾಗಿ, ಕಂಪ್ಯೂಟರ್‌ಗೆ. ಹುಡುಗರೆಲ್ಲ ನಕ್ಕರು. ಉಷಾರಾಣಿಯವರೂ ನಕ್ಕರು. ರಂಜಿತಾ ನಗದೆ, "ಅಲ್ಲಿ ಒತ್ತಿ ರೈಟ್ರೇ" ಅಂದಳು. ಒತ್ತಿದೆ. ಗೋಡೆಯ ಮೇಲಿನ ಪಟ್ಟಿಯಲ್ಲಿ ನಮ್ಮ ತೋಟ ಮೊದಲನೇ ಸ್ಥಾನದಿಂದ ಎರಡನೆಯದಕ್ಕೆ ಇಳಿಯಿತು. ಇಳಿದದ್ದಕ್ಕೆ ಅಷ್ಟು ಸಂತೋಷ ಪಟ್ಟದ್ದು ಅದೇ ಮೊದಲು. ಎರಡು ನಿಮಿಷ ಬಿಟ್ಟು ಯುಪಿಎಸ್ ಸತ್ತಿತು.

ಉಷಾರಾಣಿ ಕಿಟಕಿಯ ಬೆಳಕಿನಲ್ಲಿ ಇನ್ನೂ ಏನೋ ಬರೆದುಕೊಂಡರು. ಸೋಮವಾರ ಫೋನು ಮಾಡುತ್ತೇವೆ ಎಂದು ಎಲ್ಲರಿಗೂ ಹೇಳಿ ಹೊರಟರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಅವಳ ಹಿಂದಿನ ಸೀಟಿನಲ್ಲಿ ಕೂತೆ. ಮಾದಾಪುರದಲ್ಲಿ ಇಳಿದ ಮೇಲೆ ಕೇಳಿದೆ, "ನಿನ್ನ ಕೆಲಸ ನಾನು ಹಾಳು ಮಾಡಿದ್ನಾ?"

"ಗೊತ್ತಿಲ್ಲ ರೈಟ್ರೇ" ಅಂದಳು. ಸಮಾಧಾನಕ್ಕೂ ಇಲ್ಲ ಅನ್ನಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಭಾನುವಾರ ನಾನು ಊಟ ಮಾಡಿದ್ದು ಹೆಸರಿಗೆ. ಮನೆಯ ಲ್ಯಾಂಡ್‌ಲೈನಿನಿಂದ ಪದ್ಮಯ್ಯನಿಗೆ ಫೋನು ಮಾಡಿ ತಪ್ಪು ನಾನು ಒತ್ತಿದ್ದು ಎಂದು ಹೇಳಿದೆ. ಅವನಿಗೆ ನಗಲು ಒಂದು ವರ್ಷಕ್ಕೆ ಆಗುವಷ್ಟು ಸಿಕ್ಕಿತು. ಉಳಿದ ಏಳು ಮನೆಗೂ ಫೋನು ಮಾಡಿದೆ. ನನ್ನ ಬದುಕಿನಲ್ಲಿ ಒಂದೇ ದಿನ ಎಂಟು ಜನರ ಹತ್ತಿರ ತಪ್ಪಾಯಿತು ಅಂದವನಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಹುಷಾರಾಗಿದ್ದೀರಾ?" ಅಂದಳು.

ಸೋಮವಾರ ಕಣದಲ್ಲಿ ಕಾಳುಮೆಣಸು ಹರಡಿತ್ತು. ಲಿಂಗಮ್ಮ ಮತ್ತು ಐದಾರು ಹೆಂಗಸರು ಹಲಗೆ ಎಳೆಯುತ್ತಿದ್ದರು. ರಂಜಿತಾ ಅವತ್ತು ಬುಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಬಂದಿದ್ದಳು. ಕೋರ್ಸ್ ಮುಗಿದಿತ್ತಲ್ಲ. ನನಗೆ ಅವಳ ಕಡೆ ನೋಡಲು ಆಗಲಿಲ್ಲ. ಫೋನನ್ನು ಟ್ಯಾಂಕಿನ ಕಟ್ಟೆಯ ಮೇಲೆ ಇಟ್ಟು ಮೆಣಸಿನ ಕಡ್ಡಿ ಆರಿಸುತ್ತಿದ್ದಳು. ಹತ್ತು ಗಂಟೆ ಆಯಿತು. ಹನ್ನೊಂದಾಯಿತು. ಲಿಂಗಮ್ಮ ಹಲಗೆಯ ಕೋಲನ್ನು ಊರುಗೋಲಿನ ಹಾಗೆ ಹಿಡಿದು ನಿಂತು ನಿಂತು ಎಳೆಯುತ್ತಿದ್ದರು. ಆ ಮಂಡಿ ಊದಿಕೊಂಡದ್ದು ಸೀರೆಯ ಮೇಲಿನಿಂದಲೇ ಕಾಣುತ್ತಿತ್ತು.

ಹನ್ನೊಂದೂಕಾಲಿಗೆ ಫೋನು ಬಡಿದುಕೊಂಡಿತು. ರಂಜಿತಾಳ ಕೈಯೆಲ್ಲ ಮೆಣಸಿನ ಧೂಳು. ಮೊಣಕೈಯಿಂದ ಒತ್ತಿದಳೋ ಏನೋ, ಸ್ಪೀಕರ್ ಆಗಿ ಇಡೀ ಕಣಕ್ಕೆ ಕೇಳಿಸಿತು.

"ರಂಜಿತಾ ಅವರಾ? ನಾನು ಉಷಾರಾಣಿ. ಬರೋ ಸೋಮವಾರದಿಂದ ಬರೋಕೆ ಆಗುತ್ತಾ?"

ರಂಜಿತಾ, "ಮೇಡಂ, ನನಗಾ?" ಅಂದಳು.

"ನಿಮಗೇ. ದೀಕ್ಷಿತ್ ಸೈಟ್ ನಿಮ್ಮದಕ್ಕಿಂತ ಚೆನ್ನಾಗಿದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ನಿಮ್ಮ ರೈಟರ್ ಥರಾನೇ ಬಂದು ಕೂಗಾಡ್ತಾರೆ. ನಮ್ಮ ಹುಡುಗ್ರು ಅವರ ಜೊತೆ ವಾದಕ್ಕೆ ಇಳೀತಾರೆ. ಕೂಗಾಡೋರು ಏನು ಹೇಳ್ತಿದ್ದಾರೆ ಅಂತ ಕೇಳಿಸ್ಕೊಂಡು, ಅವರ ಮುಂದೇನೇ ಸರಿ ಮಾಡಿ ತೋರ್ಸಿದವ್ರನ್ನ ನಾನು ನೋಡಿದ್ದು ಶನಿವಾರವೇ. ಒಂಬತ್ತೂವರೆಗೆ ಬನ್ನಿ. ಬಸ್ಸು ತಡ ಆದ್ರೆ ಪರವಾಗಿಲ್ಲ."

ಫೋನು ಇಟ್ಟ ಮೇಲೆ ಹೆಂಗಸರು ಹಾಕಿದ ಬೊಬ್ಬೆ ಪದ್ಮಯ್ಯನ ತೋಟಕ್ಕೂ ಕೇಳಿಸಿರಬೇಕು. ಕೆಲಸದ ಹೊತ್ತಿನಲ್ಲಿ ಬೊಬ್ಬೆ! ನಾನು ಗದರಿಸಲು ಹೋಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಅದನ್ನು ಮೆಣಸಿನ ಧೂಳಿನ ಮೇಲೆ ಹಾಕಿದೆ.

ರಂಜಿತಾ ಎದ್ದು ನೇರ ಅತ್ತೆಯ ಹತ್ತಿರ ಹೋದಳು. ಲಿಂಗಮ್ಮನ ಕೈಯಿಂದ ಹಲಗೆಯ ಕೋಲು ತೆಗೆದುಕೊಳ್ಳಲು ನೋಡಿದಳು. ಲಿಂಗಮ್ಮ ಬಿಡಲಿಲ್ಲ.

"ಬುಡು. ಬರೋ ಸೋಮವಾರ ಅಂದವ್ಳೆ ತಾನೆ? ಇನ್ನೂ ಏಳು ದಿನ ಐತೆ, ಎಳೀತೀನಿ."

"ಅತ್ತೆ, ಸಾಕು. ಕೊಡಿ."

"ರೈಟ್ರು ನೋಡ್ತಾವ್ರೆ ಕಣೆ, ಬೈತಾರೆ."

ಇಬ್ಬರೂ ನನ್ನ ಕಡೆ ತಿರುಗಿದರು. ಇಡೀ ಕಣ ನನ್ನ ಕಡೆ ತಿರುಗಿತು. ನಾನು ಆಫೀಸಿನ ಒಳಗೆ ಹೋದೆ. ನನ್ನ ಕುರ್ಚಿ, ಮೂವತ್ತೊಂದು ವರ್ಷದಲ್ಲಿ ಯಜಮಾನರನ್ನು ಬಿಟ್ಟು ಬೇರೆ ಯಾರೂ ಕೂರದ ಕುರ್ಚಿ, ಅದನ್ನು ಎತ್ತಿಕೊಂಡು ಬಂದು ಕಣದ ಪಕ್ಕ ನೆರಳಲ್ಲಿ ಇಟ್ಟೆ.

"ಕೂತ್ಕೊಳ್ಳಿ ಲಿಂಗಮ್ಮ."

"ಅಯ್ಯೋ ಬ್ಯಾಡಿ ರೈಟ್ರೇ!"

"ಕೂತ್ಕೊಳ್ಳಿ ಅಂದೆ. ಎಷ್ಟು ಸಲ ಹೇಳ್ಬೇಕು?"

ನನಗೆ ಮೆತ್ತಗೆ ಹೇಳಲು ಬರುವುದಿಲ್ಲ, ಏನು ಮಾಡುವುದು. ಲಿಂಗಮ್ಮ ಕೋಲು ಬಿಟ್ಟು ಮೆಲ್ಲಗೆ ಬಂದು, ಎರಡು ಕೈಯಿಂದ ಕುರ್ಚಿ ಹಿಡಿದು, ಕೂತರು. ಕೂತು ಕಾಲು ನೀಡಿ, ಹಲಗೆ ಎಳೆಯುತ್ತಿದ್ದ ಸೊಸೆಯನ್ನು ನೋಡುತ್ತಾ, ಪಕ್ಕದವಳಿಗೆ ಅಲ್ಲ, ನನಗೂ ಅಲ್ಲ, ಇಡೀ ತೋಟಕ್ಕೆ ಕೇಳುವ ಹಾಗೆ ಹೇಳಿದರು:

"ನನ್ನ ಸೊಸೆ ಕಣ್ರೋ ಅವಳು."